ತಲೆಗೆ ಬೀಳುವ ಪೆಟ್ಟು ಮತ್ತು ಪರಿಹಾರಧನ

(ತೋಟದ ಕುಟುಂಬಗಳ ಭಾನುವಾರದ ಕೂಟದಲ್ಲಿ ಒಬ್ಬ ನಿವೃತ್ತ ಕಂಪೌಂಡರ್ ಮಾಡಿದ ಭಾಷಣ. ಆಡಿದ ಮಾತಿನಲ್ಲಿಯೇ ಅಚ್ಚುಮಾಡಲಾಗಿದೆ.)



ಮಳೆ ಬರುವುದರೊಳಗೆ ಮಾತು ಮುಗಿಸಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಈ ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಆದ್ದರಿಂದ ಪೀಠಿಕೆ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಗೂಡಲೂರು, ಪಂದಲೂರು ಕಡೆಯ ತೋಟದ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಂಪೌಂಡರ್ ಕೆಲಸ ಮಾಡಿದವನು ನಾನು. ಕೈ ಕೊಯ್ದುಕೊಂಡವರು, ಹಾವು ಕಚ್ಚಿದವರು, ಯಂತ್ರಕ್ಕೆ ಬೆರಳು ಕೊಟ್ಟವರು, ಎಲ್ಲರಿಗೂ ಕಟ್ಟು ಕಟ್ಟಿದ್ದೇನೆ. ಆದರೆ ಈ ಎಲ್ಲ ವರ್ಷಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳು ಎರಡು. ಎರಡೂ ತಲೆಯ ಪೆಟ್ಟಿನ ವಿಷಯದಲ್ಲಿಯೇ ಆದವು. ಅವನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಇಂದಿನ ಭಾಷಣವೆಂದರೆ ಹೆಚ್ಚು ಕಡಿಮೆ ಅಷ್ಟೇ.

ಮೊದಲನೆಯದು ೧೯೯೧ರ ಮೇ ತಿಂಗಳಲ್ಲಿ ನಡೆದದ್ದು. ಮಳೆಗಾಲಕ್ಕೆ ಮುಂಚೆ ಸಿಲ್ವರ್ ಓಕ್ ಮರಗಳ ಕೊಂಬೆ ಇಳಿಸುವ ಕೆಲಸ ನಡೆದಿತ್ತು. ಕೆಳಗೆ ಸೌದೆ ಒಟ್ಟುತ್ತಿದ್ದ ಇಪ್ಪತ್ತೆರಡು ವರ್ಷದ ಹುಡುಗನಿಗೆ ಮೇಲಿನಿಂದ ಬಂದ ಕೊಂಬೆ ಕಿವಿಯ ಮೇಲ್ಗಡೆ ಬಡಿಯಿತು. ಒಂದೆರಡು ನಿಮಿಷ ಎಚ್ಚರ ತಪ್ಪಿ ಬಿದ್ದಿದ್ದನಂತೆ. ಆಮೇಲೆ ಎದ್ದು, ಜೊತೆಯವರ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದೇ ಆಸ್ಪತ್ರೆಗೆ ಬಂದ. ‘ಕಂಪೌಂಡರೇ, ಪೆಟ್ಟಾಗಿರುವುದು ಮರಕ್ಕೆ, ಮೊದಲು ಅದನ್ನು ಹೋಗಿ ನೋಡಿ’ ಎಂದು ನಗೆಯಾಡಿದ. ನಾನೂ ನಕ್ಕೆ. ಗಾಯ ಅರ್ಧ ಅಂಗುಲವೂ ಇರಲಿಲ್ಲ. ತೊಳೆದು, ಪಟ್ಟಿ ಹಚ್ಚಿ, ಎರಡು ಮಾತ್ರೆ ಕೊಟ್ಟು, ಹೋಗಿ ಮಲಗು ಎಂದು ಕಳುಹಿಸಿದೆ. ಸಂಜೆ ಐದು ಗಂಟೆಗೆ ಅವನ ತಾಯಿ ಪಾಡಿಯಿಂದ ಓಡಿಬಂದರು. ‘ಮಗ ಗೊರಕೆ ಹೊಡೆಯುತ್ತಾನೆ, ಎಬ್ಬಿಸಿದರೆ ಏಳುವುದಿಲ್ಲ’ ಎಂದರು. ಹೋಗಿ ರೆಪ್ಪೆ ಎತ್ತಿ ನೋಡಿದರೆ ಒಂದು ಕಣ್ಣಿನ ಪಾಪೆ ದೊಡ್ಡದಾಗಿ ನಿಂತಿತ್ತು. ತೋಟದ ಜೀಪು ಘಟ್ಟ ಇಳಿಯುವ ಮೊದಲೇ ಪ್ರಾಣ ಹೋಯಿತು.

ಬೆಳಿಗ್ಗೆ ಹನ್ನೊಂದಕ್ಕೆ ನಗುತ್ತಿದ್ದವನು ಸಂಜೆ ಆರಕ್ಕೆ ಹೇಗೆ ತೀರಿಕೊಂಡ? ಪಾಡಿಯಲ್ಲಿ ನೂರು ಮಾತು ಹುಟ್ಟಿದವು. ಯಾರದೋ ಕಣ್ಣು ಬಿತ್ತು ಎಂದರು, ನನ್ನ ಮಾತ್ರೆಯಿಂದ ಎಂದೂ ಅಂದರು. ಕಾರಣ ಬೇರೆಯೇ ಇತ್ತು.

ನಮ್ಮ ತಲೆಯನ್ನು ತೆಂಗಿನಕಾಯಿಗೆ ಹೋಲಿಸಬಹುದು. ಮೇಲೆ ಚರ್ಮ, ಅದರ ಕೆಳಗೆ ಚಿಪ್ಪಿನಂತಹ ಬುರುಡೆ, ಬುರುಡೆಯೊಳಗೆ ತೆಳುವಾದ ಪೊರೆಗಳು, ಅವುಗಳ ನಡುವೆ ನೀರಿನಲ್ಲಿ ಕುಳಿತಿರುವ ಮೃದುವಾದ ಮಿದುಳು. ಚಿಪ್ಪು ಗಟ್ಟಿಯಾದದ್ದು, ಹಿಗ್ಗುವುದಿಲ್ಲ. ಒಳಗೆ ರಕ್ತ ಸೋರಿದರೆ ಅದಕ್ಕೆ ಹೋಗಲು ಜಾಗವಿಲ್ಲ. ಅದು ಮಿದುಳನ್ನೇ ಒತ್ತುತ್ತದೆ. ಕಿವಿಯ ಮೇಲ್ಗಡೆ, ಕಪೋಲದ ಬಳಿ ಬುರುಡೆ ತೆಳುವಾಗಿದೆ. ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹೋಗುತ್ತದೆ. ಮೂಳೆ ಸೀಳಿದಾಗ ಆ ನಾಳ ಹರಿದರೆ ಬುರುಡೆಗೂ ಮೇಲಿನ ಪೊರೆಗೂ ನಡುವೆ ರಕ್ತ ಹನಿಹನಿಯಾಗಿ ಕೂಡುತ್ತದೆ. ಮೊದಲು ಸ್ವಲ್ಪ ಎಚ್ಚರ ತಪ್ಪುವುದು, ಆಮೇಲೆ ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಪೂರಾ ಚೆನ್ನಾಗಿರುವುದು, ಆಮೇಲೆ ತಲೆನೋವು, ವಾಂತಿ, ಮಂಪರು, ಗೊರಕೆ. ನಡುವಿನ ಆ ಒಳ್ಳೆಯ ಹೊತ್ತೇ ನಮ್ಮನ್ನು ಮೋಸಗೊಳಿಸುವುದು. ಆ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆ ಸೇರಿಸಿ ರಕ್ತ ತೆಗೆಸಿದರೆ ಬದುಕಿ ಕೆಲಸಕ್ಕೆ ಮರಳುವವರು ಎಷ್ಟೋ ಮಂದಿ. ನಾನು ಆ ಹೊತ್ತನ್ನು ‘ಹೋಗಿ ಮಲಗು’ ಎಂಬ ಮಾತಿನಲ್ಲಿ ಕಳೆದೆ.

ತಲೆಯ ಪೆಟ್ಟೆಲ್ಲ ಒಂದೇ ಜಾತಿಯದಲ್ಲ. ಚರ್ಮ ಹರಿದ ಗಾಯ ನೋಡಲು ಭಯಂಕರ, ಮುಖವೆಲ್ಲ ರಕ್ತವಾಗುತ್ತದೆ, ಆದರೆ ಅದೊಂದೇ ಆಗಿದ್ದರೆ ಅಷ್ಟು ಅಪಾಯವಿಲ್ಲ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಕಾಫಿ ಪುಡಿ ತುಂಬಬೇಡಿ. ಇಲ್ಲಿ ಕುಳಿತ ಅಮ್ಮಂದಿರಲ್ಲಿ ಅರ್ಧ ಜನ ತುಂಬಿಯೇ ತುಂಬುತ್ತೀರಿ ಎಂದು ನನಗೆ ಗೊತ್ತು. ಆ ಪುಡಿ ತೆಗೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಬುರುಡೆ ಒಳಕ್ಕೆ ತಗ್ಗಾಗಿದ್ದರೆ ಅಲ್ಲಿ ಒತ್ತಲೂಬಾರದು, ಸುಮ್ಮನೆ ಬಟ್ಟೆ ಮುಚ್ಚಿ ಕರೆದುಕೊಂಡು ಹೋಗಬೇಕು. ಬುರುಡೆಯ ತಳ ಸೀಳಿದ್ದರೆ ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಸೋರುತ್ತದೆ. ಎರಡು ದಿನ ಬಿಟ್ಟು ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪುನೀಲಿ ಕಟ್ಟುತ್ತದೆ. ಇದು ನೆಗಡಿಯಲ್ಲ. ಹತ್ತಿ ತುರುಕಬೇಡಿ, ಮೂಗು ಸೀನಿಸಬೇಡಿ.

ಇನ್ನೊಂದು ಬಗೆ ನಿಧಾನದ್ದು. ವಯಸ್ಸಾದವರಲ್ಲಿ, ಕುಡಿತದ ಅಭ್ಯಾಸವಿರುವವರಲ್ಲಿ ಇದು ಹೆಚ್ಚು. ಮಿದುಳಿನ ಮೇಲ್ಮೈಯ ಸಣ್ಣ ನಾಳ ಹರಿದು ವಾರಗಟ್ಟಲೆ ರಕ್ತ ಜಿನುಗುತ್ತದೆ. ಕಾವಲುಗಾರ ತಾತ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡದ್ದನ್ನು ಎಲ್ಲರೂ ಮರೆತ ಮೇಲೆ, ಮೂರು ನಾಲ್ಕು ವಾರಕ್ಕೆ, ಮಾತು ತೊದಲುತ್ತದೆ, ಒಂದು ಕಾಲು ಎಳೆಯುತ್ತದೆ, ಮೊಮ್ಮಗನ ಹೆಸರು ಮರೆಯುತ್ತದೆ. ಮುದಿತನ ಎನ್ನುತ್ತೇವೆ, ಕುಡಿದಿದ್ದಾನೆ ಎನ್ನುತ್ತೇವೆ, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತೇವೆ. ಸ್ಕ್ಯಾನ್ ಮಾಡಿಸಿದರೆ ರಕ್ತ ಕಾಣುತ್ತದೆ, ಶಸ್ತ್ರಕ್ರಿಯೆಯಿಂದ ತೆಗೆಯಬಹುದು.

ಕೊನೆಯದು, ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು: ಮಿದುಳಿನ ಅಲುಗಾಟ. ಬುರುಡೆ ಒಡೆದಿರುವುದಿಲ್ಲ, ರಕ್ತ ಕೂಡಿರುವುದಿಲ್ಲ, ಸ್ಕ್ಯಾನಿನಲ್ಲಿ ಏನೂ ಕಾಣದೆಯೂ ಇರಬಹುದು. ಬಹಳ ಮಂದಿ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಆದರೆ ಕೆಲವರಿಗೆ ತಲೆಸುತ್ತು, ಮರೆವು, ಸಿಟ್ಟು, ಬೆಳಕು ಸಹಿಸದಿರುವುದು ತಿಂಗಳುಗಟ್ಟಲೆ ಉಳಿಯುತ್ತದೆ. ಮಿದುಳಿಗೇ ಜಜ್ಜಿದ ಗಾಯವಾಗಿದ್ದರೆ ಮುಂದೆ ಅಪಸ್ಮಾರವೂ ಬರಬಹುದು.

ಪೆಟ್ಟು ಬಿದ್ದವರನ್ನು ಏನು ಮಾಡಬೇಕು? ಎತ್ತರದಿಂದ ಬಿದ್ದಿದ್ದರೆ ಕುತ್ತಿಗೆಯೂ ಮುರಿದಿದೆ ಎಂದೇ ತಿಳಿದು, ತಲೆ ಕುತ್ತಿಗೆ ಅಲುಗದಂತೆ ಹಲಗೆಯ ಮೇಲೆ ಸಾಗಿಸಿ. ವಾಂತಿ ಬಂದರೆ ತಲೆ ಮೈ ಎರಡನ್ನೂ ಒಟ್ಟಿಗೆ ಪಕ್ಕಕ್ಕೆ ತಿರುಗಿಸಿ. ೧೦೮ಕ್ಕೆ ಫೋನ್ ಮಾಡಿ. ತಮಿಳುನಾಡು, ಕೇರಳ, ಕರ್ನಾಟಕ ಮೂರರಲ್ಲಿಯೂ ಅದೇ ನಂಬರು. ಎಚ್ಚರವಾಗಿದ್ದರೂ ಮೊದಲ ಇಪ್ಪತ್ತನಾಲ್ಕು ಗಂಟೆ ಒಬ್ಬರು ಪಕ್ಕದಲ್ಲಿರಲಿ. ಮಲಗಲೇ ಬಿಡಬಾರದೆಂಬುದು ಸುಳ್ಳು, ಆದರೆ ನಡುನಡುವೆ ಎಬ್ಬಿಸಿ ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಬೇಕು. ಮತ್ತೆ ಮತ್ತೆ ವಾಂತಿ, ಏರುತ್ತ ಹೋಗುವ ತಲೆನೋವು, ಮಂಪರು, ಒಂದು ಕೈ ಅಥವಾ ಕಾಲು ಸೋಲುವುದು, ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಅಪಸ್ಮಾರ, ಇವುಗಳಲ್ಲಿ ಒಂದು ಕಂಡರೂ ತೋಟದ ಆಸ್ಪತ್ರೆಯಲ್ಲಿ ಕಾಯಬೇಡಿ. ಸ್ಕ್ಯಾನೂ ಮಿದುಳಿನ ಶಸ್ತ್ರವೈದ್ಯರೂ ಇರುವ ಕಡೆಗೇ ಹೊರಡಿ. ಮೈಸೂರೋ ಕೋಯಮತ್ತೂರೋ ಕೋಳಿಕ್ಕೋಡೋ, ಯಾವುದು ಬೇಗ ಸಿಗುತ್ತದೆಯೋ ಅಲ್ಲಿಗೆ.

ಇನ್ನೊಂದು ಮಾತು ಗಂಡಸರಿಗೆ. ಪೆಟ್ಟು ತಿಂದವನ ಬಾಯಿಗೆ, ಚಳಿ ಬಿಡಲಿ ಎಂದು, ಬ್ರಾಂದಿ ಹೊಯ್ಯುತ್ತೀರಲ್ಲ, ಅದನ್ನು ನಿಲ್ಲಿಸಿ. ಒಂದನೆಯದಾಗಿ, ಮಂಪರು ಪೆಟ್ಟಿನದೋ ಮದ್ಯದ್ದೋ ಡಾಕ್ಟರಿಗೆ ತಿಳಿಯುವುದಿಲ್ಲ. ಎರಡನೆಯದಾಗಿ, ‘ಬಾಯಲ್ಲಿ ಮದ್ಯದ ವಾಸನೆ ಇತ್ತು’ ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆಯುತ್ತಾರೆ. ಆ ನಾಲ್ಕು ಪದ ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಈಗ ಹೇಳುತ್ತೇನೆ.

ನನ್ನ ಎರಡನೆಯ ತಪ್ಪಿಗೆ ಬಂದೆ. ಇದು ೨೦೧೨ರ ಆಗಸ್ಟ್. ಆ ಅಕ್ಕ ಇಂದು ಈ ಕೂಟದಲ್ಲಿಯೇ ಕುಳಿತಿದ್ದಾರೆ. ಹೇಳಬಹುದೆಂದು ಒಪ್ಪಿಗೆ ಕೊಟ್ಟಿದ್ದಾರೆ. ಟೀ ಎಲೆಯ ಮೂಟೆ ಹೊತ್ತು ತೂಕದ ಶೆಡ್ಡಿಗೆ ಇಳಿಯುವಾಗ ಕೆಸರಿನಲ್ಲಿ ಕಾಲು ಜಾರಿ ಹಿಂದಕ್ಕೆ ಬಿದ್ದರು. ಹಿಂದಲೆ ಚರಂಡಿಯ ಕಲ್ಲಿಗೆ ಬಡಿಯಿತು. ಕರೆತಂದಾಗ ‘ಅಣ್ಣಾ, ಬಿದ್ದದ್ದು ನನಗೆ ನೆನಪೇ ಇಲ್ಲ’ ಎಂದರು. ಎರಡು ಸಲ ವಾಂತಿಯೂ ಆಗಿತ್ತು. ಈ ಸಲ ನಾನು ಬುದ್ಧಿ ಕಲಿತಿದ್ದೆ, ರಾತ್ರಿಯೆಲ್ಲ ಆಸ್ಪತ್ರೆಯಲ್ಲಿಯೇ ಇಟ್ಟುಕೊಂಡು ನೋಡಿದೆ. ಬೆಳಿಗ್ಗೆ ಚೆನ್ನಾಗಿದ್ದರು. ಪ್ರಾಣ ಉಳಿಯಿತೆಂದು ಸಮಾಧಾನಪಟ್ಟು ಪುಸ್ತಕದಲ್ಲಿ ಒಂದು ಸಾಲು ಬರೆದೆ: ‘ತಲೆಗೆ ತರಚು ಗಾಯ. ಮದ್ದು ಹಾಕಿದೆ.’ ಎಲ್ಲಿ ಬಿದ್ದರು, ಎಷ್ಟು ಗಂಟೆಗೆ, ಯಾವ ಕೆಲಸದಲ್ಲಿದ್ದಾಗ, ಎಚ್ಚರ ತಪ್ಪಿತೇ, ವಾಂತಿಯಾಯಿತೇ, ಒಂದನ್ನೂ ಬರೆಯಲಿಲ್ಲ. ಸಾಲಿನಲ್ಲಿ ಇನ್ನೂ ಹದಿನೈದು ಜನ ನಿಂತಿದ್ದರು.

ಆಮೇಲೆ ಆ ಮನೆಯಲ್ಲಿ ಏನೇನೋ ಆಗತೊಡಗಿತು. ಅನ್ನ ಹೊತ್ತಿ ಸೀದರೂ ಅಕ್ಕನಿಗೆ ವಾಸನೆ ಬಾರದು. ಸಾರಿಗೆ ಎರಡು ಸಲ ಉಪ್ಪು. ಯಾವ ಸಾಲಿನಲ್ಲಿ ಚಿಗುರು ಕಿತ್ತಾಯಿತು, ಯಾವುದರಲ್ಲಿ ಇಲ್ಲ ಎಂಬುದು ಮರೆತುಹೋಗುವುದು. ಇಳಿಜಾರಿನಲ್ಲಿ ನಿಂತರೆ ತಲೆ ಸುತ್ತು. ಜೋರಾಗಿ ಒಂದು ಮಾತನ್ನೂ ಆಡದಿದ್ದವರು ಮಕ್ಕಳ ಮೇಲೆ ಪಾತ್ರೆ ಎಸೆದರು. ಹಿಂದಕ್ಕೆ ಬಿದ್ದಾಗ ಮಿದುಳು ಮುಂದಕ್ಕೆ ಹೋಗಿ ಹಣೆಯ ಮೂಳೆಗೆ ತಿಕ್ಕಿ ಜಜ್ಜಿಹೋಗುವುದುಂಟು. ವಾಸನೆಯ ನರಗಳೂ ಅಲ್ಲಿಯೇ ಕತ್ತರಿಸಿಹೋಗುತ್ತವೆ. ತಾಳ್ಮೆ, ಯೋಜನೆ, ಹತೋಟಿ ಇವೆಲ್ಲವೂ ಮಿದುಳಿನ ಆ ಮುಂಭಾಗದ ಕೆಲಸವೇ. ಇದು ಮನೆಯವರಿಗೆ ಗೊತ್ತಿರಲಿಲ್ಲ. ಗಂಡ ಸೋಮಾರಿ ಎಂದರು, ಅತ್ತೆ ನಾಟಕ ಎಂದರು, ಮೇಸ್ತ್ರಿ ತೂಕ ಕಡಿಮೆಯೆಂದು ದಿನಾ ಬೈದರು. ವರ್ಷ ಕಳೆಯುವುದರೊಳಗೆ ಕೆಲಸ ಹೋಯಿತು.

ಈಗ ಕಾನೂನಿನ ಮಾತು. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಅಪಘಾತವಾದರೆ ಮಾಲಿಕರು ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ ೧೯೨೩ರಲ್ಲಿಯೇ ಆಯಿತು; ೧೯೨೪ರ ಜುಲೈ ೧ರಿಂದ ಜಾರಿಗೆ ಬಂತು. ೨೦೧೦ರಲ್ಲಿ ಹೆಸರು ಬದಲಾಗಿ ಅದು ನೌಕರರ ಪರಿಹಾರ ಕಾಯಿದೆಯಾಯಿತು. ೨೦೨೫ರ ನವೆಂಬರ್ ೨೧ರಿಂದ ಅದರ ಜಾಗದಲ್ಲಿ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಗಿದೆ, ಹಳೆಯ ತಿರುಳು ಬಹುಮಟ್ಟಿಗೆ ಹಾಗೆಯೇ ಇದೆ. ಇದರಲ್ಲಿ ಮಾಲಿಕರ ತಪ್ಪನ್ನು ನಾವು ತೋರಿಸಬೇಕಾಗಿಲ್ಲ. ನಮ್ಮ ಅಜಾಗರೂಕತೆಯೂ ಸ್ವಲ್ಪ ಇತ್ತೆಂಬ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಅಪಘಾತ ಕೆಲಸಕ್ಕೆ ಸಂಬಂಧಪಟ್ಟದ್ದು ಎಂದು ತೋರಿಸಿದರೆ ಸಾಕು. ಗುತ್ತಿಗೆದಾರನ ಕೆಳಗೆ ಮರ ಕಡಿಯುವವನಿಗೆ ಪೆಟ್ಟಾದರೂ ತೋಟದ ಮಾಲಿಕರನ್ನೇ ಕೇಳಬಹುದು. ಇ.ಎಸ್.ಐ. ಚೀಟಿ ಇದ್ದವರು ಮಾತ್ರ ಅಲ್ಲಿಯೇ ಕೇಳಬೇಕು, ಎರಡು ಕಡೆ ಕೇಳಲಾಗದು.

ಕೆಲಸಕ್ಕೆ ಹೋಗುವ ದಾರಿಯಲ್ಲಿ, ಕೆಲಸದಿಂದ ಬರುವ ದಾರಿಯಲ್ಲಿ ಅಪಘಾತವಾದರೆ? ಹೊಸ ಸಂಹಿತೆ ಅದನ್ನೂ ಸೇರಿಸಿದೆ. ಹೊತ್ತು, ಜಾಗ, ಸಂದರ್ಭ ಇವಕ್ಕೂ ಕೆಲಸಕ್ಕೂ ನಂಟು ತೋರಿಸಬೇಕು. ಹಳೆಯ ಕಾನೂನನ್ನೂ ಹಾಗೆಯೇ ಓದಬೇಕೆಂದು ಸುಪ್ರೀಂ ಕೋರ್ಟ್ ೨೦೨೫ರ ಜುಲೈಯಲ್ಲಿ ಹೇಳಿತು. ಮಹಾರಾಷ್ಟ್ರದಲ್ಲಿ ನಸುಕಿನ ಪಾಳಿಗೆ ಬೈಕಿನಲ್ಲಿ ಹೋಗುತ್ತಿದ್ದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಮೊಕದ್ದಮೆ ಅದು. ಟ್ರಾಕ್ಟರಿನ ಟ್ರೇಲರಿನಲ್ಲಿ ನಿಂತು ಬರುವ ನಮ್ಮ ಹೆಣ್ಣುಮಕ್ಕಳು ಇದನ್ನು ನೆನಪಿಡಲಿ. ಮಾಲಿಕರು ಕೊಟ್ಟ ಪಾಡಿ ಮನೆ ಕುಸಿದು ಪೆಟ್ಟಾದರೂ ಪರಿಹಾರವುಂಟು. ಪ್ರಕೃತಿವಿಕೋಪದಿಂದ ಕುಸಿದಿದ್ದರೆ, ಅಥವಾ ಒಳಗಿದ್ದವರದೇ ತಪ್ಪಿನಿಂದ ಕುಸಿದಿದ್ದರೆ ಮಾತ್ರ ಇಲ್ಲ. ಆನೆಯ ವಿಷಯ ಎತ್ತಿದರೆ ರಾತ್ರಿಯಾಗುತ್ತದೆ, ಇನ್ನೊಂದು ದಿನ ಮಾತನಾಡೋಣ.

ಮಾಲಿಕರು ಕೊಡಲಾಗದು ಎನ್ನಬಹುದಾದ ಕಾರಣಗಳೂ ಇವೆ. ಕುಡಿದ ಅಮಲಿನಿಂದಲೇ ಅಪಘಾತವಾಗಿದ್ದರೆ, ಸುರಕ್ಷತೆಗೆಂದು ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದಿದ್ದರೆ. ಆದರೂ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗಿದ್ದಾಗ ಈ ನೆಪಗಳು ನಡೆಯುವುದಿಲ್ಲ. ನಾನು ಹೇಳಿದ ಬ್ರಾಂದಿ ಇಲ್ಲಿಗೆ ಬರುತ್ತದೆ. ಅಪಘಾತದ ಮೊದಲು ಕುಡಿದದ್ದೋ, ಆಮೇಲೆ ನೀವು ಹೊಯ್ದದ್ದೋ, ಆಸ್ಪತ್ರೆಯ ಕಾಗದ ಹೇಳುವುದಿಲ್ಲ. ಹಾಗೆಯೇ ಮರ ಇಳಿಸುವಾಗ ಹೆಲ್ಮೆಟ್ ಕೊಟ್ಟಿದ್ದರೆ ಹಾಕಿಕೊಳ್ಳಿ, ಕೊಡದಿದ್ದರೆ ಬರೆದು ಕೇಳಿ.

ಹಣದ ಲೆಕ್ಕ ಒಂದನ್ನು ಹೇಳುತ್ತೇನೆ. ಸಾವಾದರೆ ತಿಂಗಳ ಕೂಲಿಯ ಶೇಕಡಾ ೫೦ನ್ನು, ಪೂರ್ಣ ಶಾಶ್ವತ ವೈಕಲ್ಯವಾದರೆ ಶೇಕಡಾ ೬೦ನ್ನು, ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ಎಳೆಯ ವಯಸ್ಸಿಗೆ ಅಂಕಿ ದೊಡ್ಡದು. ನಾಲ್ವತ್ತು ವರ್ಷಕ್ಕೆ ಅದು ೧೮೪.೧೭, ಐವತ್ತಕ್ಕೆ ೧೫೩.೦೯. ಎಷ್ಟು ಕೂಲಿಯವರೆಗೆ ಲೆಕ್ಕಕ್ಕೆ ಹಿಡಿಯಬೇಕೆಂಬ ಮಿತಿಯನ್ನು ಹಳೆಯ ಕಾನೂನಿನ ಕೆಳಗೆ ೨೦೨೦ರ ಜನವರಿಯಲ್ಲಿ ೧೫,೦೦೦ ರೂಪಾಯಿಗೆ ಏರಿಸಿದ್ದರು. ನಾಲ್ವತ್ತರ ಒಬ್ಬ ಆಳಿಗೆ ತಿಂಗಳಿಗೆ ೧೨,೦೦೦ ಬರುತ್ತದೆ ಎನ್ನೋಣ. ಸತ್ತರೆ ೬,೦೦೦ವನ್ನು ೧೮೪.೧೭ರಿಂದ ಗುಣಿಸಿ ೧೧,೦೫,೦೨೦ ರೂಪಾಯಿ. ಪೂರ್ಣ ವೈಕಲ್ಯವಾದರೆ ೭,೨೦೦ವನ್ನು ಅದೇ ಅಂಕಿಯಿಂದ ಗುಣಿಸಿ ೧೩,೨೬,೦೨೪. ಭಾಗಶಃ ವೈಕಲ್ಯವಾದರೆ ಇದರಲ್ಲಿ ಶೇಕಡಾವಾರು ಪಾಲು. ಶೇಕಡಾ ೩೦ ಎಂದಾದರೆ ೩,೯೭,೮೦೭. ಕೆಲವು ವಾರ ಮಾತ್ರ ಕೆಲಸಕ್ಕೆ ಹೋಗಲಾಗದಿದ್ದರೆ ಅರ್ಧ ತಿಂಗಳಿಗೊಮ್ಮೆ ತಿಂಗಳ ಕೂಲಿಯ ಶೇಕಡಾ ೨೫. ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಇದಕ್ಕೆ ಸೇರದೆ ಬೇರೆಯಾಗಿ ಬರಬೇಕು. ಆದ್ದರಿಂದ ಔಷಧದ ಒಂದು ಬಿಲ್ಲನ್ನೂ ಬಿಸಾಡಬೇಡಿ. ಬಾಕಿಯಾದ ಹಣವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ ೧೨ರ ಬಡ್ಡಿ. ತಕ್ಕ ಕಾರಣವಿಲ್ಲದೆ ತಡಮಾಡಿದರೆ ಪರಿಹಾರದ ಅರ್ಧದಷ್ಟರವರೆಗೆ ದಂಡವೂ ಉಂಟು.

ಆ ಶೇಕಡಾವಾರು ಎಲ್ಲಿಂದ ಬರುತ್ತದೆ? ಇಲ್ಲಿ ದಯವಿಟ್ಟು ಗಮನವಿಟ್ಟು ಕೇಳಿ. ಕೈ, ಕಾಲು, ಬೆರಳು, ಕಣ್ಣು ಇವುಗಳಿಗೆ ಕಾನೂನಿನಲ್ಲಿಯೇ ಒಂದು ಪಟ್ಟಿ ಇದೆ. ಹೆಬ್ಬೆರಳು ಹೋದರೆ ಶೇಕಡಾ ೩೦. ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣು ಹೋದರೆ ಶೇಕಡಾ ೪೦. ಎರಡು ಕಿವಿಯೂ ಪೂರಾ ಕೇಳದಾದರೆ ಶೇಕಡಾ ನೂರು. ಆದರೆ ನೆನಪು ಹೋದರೆ, ಸಮತೋಲ ಹೋದರೆ, ಸ್ವಭಾವವೇ ಬದಲಾದರೆ, ಅದಕ್ಕೆ ಪಟ್ಟಿಯಲ್ಲಿ ಸಾಲಿಲ್ಲ. ಹೆಬ್ಬೆರಳು ಇಲ್ಲದ್ದನ್ನು ಯಾರೂ ಕಣ್ಣಾರೆ ನೋಡಬಹುದು. ಮಿದುಳಿಗಾದ ನಷ್ಟವನ್ನು ದುಡಿಯುವ ಶಕ್ತಿ ಎಷ್ಟು ಕುಗ್ಗಿತು ಎಂಬುದರ ಮೇಲೆ ಅರ್ಹ ವೈದ್ಯರು ನಿರ್ಣಯಿಸಬೇಕು. ವೈದ್ಯರು ಯಾವುದನ್ನು ನೋಡಿ ನಿರ್ಣಯಿಸುತ್ತಾರೆ? ಮೊದಲ ದಿನದ ಕಾಗದ ನೋಡಿ.

ದುಡಿಯುವ ಶಕ್ತಿ ಎಂದರೆ ಅವರವರ ಕೆಲಸದ ಶಕ್ತಿ. ೧೯೭೫ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಎಡಗೈ ಮೊಣಕೈಯ ಮೇಲೆ ಕತ್ತರಿಸಲ್ಪಟ್ಟಿತ್ತು, ಬಲಗೈ ಇತ್ತು. ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದು, ಆದ್ದರಿಂದ ನಷ್ಟ ಪೂರ್ಣವಾದದ್ದೇ ಎಂದು ನ್ಯಾಯಾಲಯ ಒಪ್ಪಿತು. ಪರಿಹಾರದ ಹೊಣೆ ಪೆಟ್ಟು ಬಿದ್ದ ದಿನವೇ ಹುಟ್ಟುತ್ತದೆ ಎಂದೂ ಹೇಳಿತು. ತಲೆಸುತ್ತು ಇರುವ ಗುಮಾಸ್ತರು ಕುರ್ಚಿಯಲ್ಲಿ ಕುಳಿತು ಬರೆದಾರು. ತಲೆಸುತ್ತು ಇರುವವರು ಇಳಿಜಾರಿನಲ್ಲಿ ನಿಂತು ಚಿಗುರು ಕೀಳುವುದು, ಏಣಿ ಹತ್ತಿ ಮೆಣಸು ಕುಯ್ಯುವುದು ಹೇಗೆ? ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಬಿಡಿಸಿ ಹೇಳಿ. ಮಿದುಳು ನರಗಳ ತಜ್ಞರಿಗೆ ತೋರಿಸಿ. ನೆನಪು, ಗಮನ ಇವುಗಳನ್ನು ಅಳೆಯುವ ಪರೀಕ್ಷೆಗಳೂ ಇವೆ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ಮಾಡುತ್ತಾರೆ. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಏನೂ ಆಗಿಲ್ಲವೆಂದಲ್ಲ.

ಆಸ್ಪತ್ರೆಯ ಕಾಗದದಲ್ಲಿ ಒಂದು ಅಂಕಿ ಇರುತ್ತದೆ, ಗ್ಲಾಸ್ಗೋ ಅಂಕಿ ಎನ್ನುತ್ತಾರೆ. ೧೯೭೪ರಲ್ಲಿ ಗ್ಲಾಸ್ಗೋ ಪಟ್ಟಣದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ತಂದದ್ದು. ಕಣ್ಣು ತೆರೆಯುವುದಕ್ಕೆ ೪, ಮಾತಿಗೆ ೫, ಕೈಕಾಲು ಆಡಿಸುವುದಕ್ಕೆ ೬, ಒಟ್ಟು ೧೫. ತೀರ ಕಡಿಮೆಯೆಂದರೆ ೩. ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ಬಹಳ ಭಾರಿಯದು. ಸೇರಿಸುವಾಗಿನ ಅಂಕಿ ಬಿಡುಗಡೆಯ ಚೀಟಿಯಲ್ಲಿ ಇದೆಯೇ ಎಂದು ಕೇಳಿ. ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಪೆಟ್ಟಿನ ಮುಂಚಿನ ಹಿಂಚಿನ ಎಷ್ಟು ಹೊತ್ತಿನ ನೆನಪಿಲ್ಲ ಎಂಬುದನ್ನೂ ಹೇಳಿ ಬರೆಸಿ. ‘ಮನೆಯಲ್ಲಿ ಜಾರಿ ಬಿದ್ದೆ ಎಂದು ಹೇಳು, ಇಲ್ಲದಿದ್ದರೆ ಪೊಲೀಸು ಕೇಸಾಗುತ್ತದೆ’ ಎಂದು ಜೊತೆಗೆ ಬಂದವರು ಕಿವಿಯಲ್ಲಿ ಊದುವುದುಂಟು. ಹಾಗೆ ಹೇಳಿದ ಕ್ಷಣವೇ ಪರಿಹಾರ ಹೋಯಿತೆಂದು ತಿಳಿಯಿರಿ. ಎಲ್ಲಿ, ಯಾವ ಕೆಲಸದಲ್ಲಿ ಬಿದ್ದಿರೋ ಅದನ್ನೇ ಹೇಳಿ.

ತೋಟಕ್ಕೂ ಅಪಘಾತದ ಸುದ್ದಿಯನ್ನು ಆದಷ್ಟು ಬೇಗ ಬರಹದಲ್ಲಿ ಕೊಡಿ. ಪೆಟ್ಟಾದವರ ಹೆಸರು ವಿಳಾಸ, ಪೆಟ್ಟಿನ ಕಾರಣ, ತಾರೀಕು, ಇಷ್ಟಿದ್ದರೆ ಸಾಕು. ಒಂದು ನಕಲಿನ ಮೇಲೆ ಸಹಿ ಪಡೆಯಿರಿ. ನೋಟೀಸು ಕೊಡಲಿಲ್ಲವೆಂದು ಹೆದರಬೇಡಿ, ಅಪಘಾತ ಮಾಲಿಕರಿಗೆ ಬೇರೆ ರೀತಿಯಲ್ಲಿ ತಿಳಿದಿತ್ತು ಎಂದು ತೋರಿಸಿದರೆ ಆ ಕೊರತೆ ಅಡ್ಡಿಯಾಗದು. ಆದರೆ ಪರಿಹಾರದ ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸಬಹುದು, ಅದನ್ನು ನೆಚ್ಚಿ ಕೂರಬೇಡಿ. ಅರ್ಜಿಯನ್ನು ಅಪಘಾತವಾದ ಕಡೆಯೇ ಹಾಕಬೇಕೆಂದಿಲ್ಲ. ವಯನಾಡಿನ ತೋಟದಲ್ಲಿ ಬಿದ್ದವರು ಗುಂಡ್ಲುಪೇಟೆಯಲ್ಲಿ ವಾಸವಿದ್ದರೆ ಅಲ್ಲಿಯ ಅಧಿಕಾರಿಯ ಮುಂದೆಯೇ ಹಾಕಬಹುದು. ಗಡಿಯ ಎರಡು ಕಡೆ ಬಾಳುವ ನಮಗೆ ಇದು ದೊಡ್ಡ ಅನುಕೂಲ, ಆದರೆ ಇದನ್ನು ತಿಳಿದವರು ಕಡಿಮೆ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ವರಮಾನ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ‘ಇಷ್ಟು ತೆಗೆದುಕೊಂಡು ಮುಗಿಸಿಬಿಡು’ ಎಂದು ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರೂ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ಸಾವಾದರೆ ಪರಿಹಾರದ ಹಣವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು, ಮನೆಗೆ ತಂದು ಕೈಗೆ ಕೊಟ್ಟದ್ದು ಪರಿಹಾರ ಸಲ್ಲಿಸಿದಂತೆ ಆಗುವುದಿಲ್ಲ. ಮೂರು ತಿಂಗಳ ಕೂಲಿಯಷ್ಟು ಮುಂಗಡ ಮಾತ್ರ ನೇರ ಕೊಡಬಹುದು.

ಆ ಅಕ್ಕನ ಕಥೆ ಮುಗಿಸಲಿಲ್ಲ. ಎರಡು ವರ್ಷ ತುಂಬಲು ಕೆಲವೇ ವಾರವಿದ್ದಾಗ ಸಂಘದವರೊಬ್ಬರು ಅರ್ಜಿ ಹಾಕಿಸಿದರು. ವಿಚಾರಣೆಯ ದಿನ ತೋಟದ ಕಡೆಯ ವಕೀಲರು ನನ್ನ ಪುಸ್ತಕವನ್ನೇ ತೆರೆದು ಓದಿದರು: ‘ತಲೆಗೆ ತರಚು ಗಾಯ. ಮದ್ದು ಹಾಕಿದೆ.’ ‘ಇದು ನಿಮ್ಮ ಕೈಬರಹವೇ?’ ಎಂದು ನನ್ನನ್ನು ಕೇಳಿದರು. ಹೌದೆಂದೆ. ರಾತ್ರಿ ಉಳಿಸಿಕೊಂಡದ್ದನ್ನು, ವಾಂತಿಯಾದದ್ದನ್ನು ಹೇಳಹೊರಟೆ. ‘ಅದನ್ನು ಬರೆದಿದ್ದೀರಾ?’ ಎಂದರು. ಬರೆದಿರಲಿಲ್ಲ. ಅಕ್ಕ ನನ್ನ ಎದುರಿಗೇ ಕುಳಿತು ನನ್ನ ಮುಖ ನೋಡುತ್ತಿದ್ದರು.

ಅವರನ್ನು ಉಳಿಸಿದ್ದು ಬೇರೆ ಎರಡು ಸಂಗತಿ. ಆ ದಿನ ಮಸ್ಟರಿನಲ್ಲಿ ಅವರಿಗೆ ಅರ್ಧ ಹಾಜರಿ ಬಿದ್ದಿತ್ತು, ಅರ್ಧ ದಿನದಲ್ಲಿ ಕೆಲಸ ಬಿಟ್ಟರು ಎಂಬುದು ತೋಟದ ಪುಸ್ತಕದಿಂದಲೇ ಸಾಬೀತಾಯಿತು. ತೂಕದ ಶೆಡ್ಡಿನಲ್ಲಿದ್ದ ಇಬ್ಬರು ಹೆಂಗಸರು ಒಂದು ದಿನದ ಕೂಲಿ ಬಿಟ್ಟು ಬಂದು, ಕಂಡದ್ದನ್ನು ಕಂಡಂತೆ ಸಾಕ್ಷಿ ಹೇಳಿದರು. ಆಮೇಲೆ ತೆಗೆದ ಸ್ಕ್ಯಾನಿನಲ್ಲಿ ಹಣೆಯ ಹಿಂದೆ ಹಳೆಯ ಕಲೆ ಕಂಡಿತು. ಪರಿಹಾರ ಬಂತು. ಆದರೆ ಡಾಕ್ಟರು ಬರೆದ ಶೇಕಡಾವಾರಿನಲ್ಲಿ ಅರ್ಧವೂ ಉಳಿಯಲಿಲ್ಲ. ಮೊದಲ ದಿನ ಪೆಟ್ಟು ಸಣ್ಣದಿತ್ತೆಂದು ಬರೆದದ್ದೇ ಕಾರಣವೆಂದು ಆಜ್ಞೆಯಲ್ಲಿ ಹೇಳಿದ್ದರು. ಉಳಿದ ಅರ್ಧ ನನ್ನ ಪೆನ್ನಿನಿಂದ ಹೋಯಿತು.

ಆಕೆಯ ಗಂಡ ಈಗ ಅಡಿಗೆಗೆ ಉಪ್ಪನ್ನು ತಾವೇ ಹಾಕುತ್ತಾರೆ. ‘ಇದು ಕಾಯಿಲೆ ಎಂದು ಮೊದಲೇ ಗೊತ್ತಿದ್ದರೆ ಅಷ್ಟು ಬೈಯುತ್ತಿರಲಿಲ್ಲ ಕಂಪೌಂಡರೇ’ ಎಂದು ಒಮ್ಮೆ ನನ್ನ ಹತ್ತಿರ ಹೇಳಿದರು. ನಿಮ್ಮ ಪಾಡಿಯಲ್ಲಿಯೂ ಬಿದ್ದ ಮೇಲೆ ಸ್ವಭಾವ ಬದಲಾದವರು ಯಾರಾದರೂ ಇದ್ದಾರೆಯೇ ಎಂದು ಇಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಮಾತನಾಡಿಕೊಳ್ಳಿ. ಬಿದ್ದು ಎರಡು ವರ್ಷ ಆಗಿಲ್ಲದಿದ್ದರೆ ಇನ್ನೂ ಹೊತ್ತು ಮೀರಿಲ್ಲ.

ಆಸ್ಪತ್ರೆಯ ಚೀಟಿ, ಕೂಲಿ ಚೀಟಿ ತಂದಿರುವವರು ಮುಂದಿನ ಬೆಂಚಿಗೆ ಬನ್ನಿ. ಕಾನೂನು ಸೇವಾ ಸಮಿತಿಯಿಂದ ಬಂದ ವಕೀಲ ತಂಗಿ ಅವನ್ನು ನೋಡುತ್ತಾರೆ. ಅವರ ಜೀಪು ಆರು ಗಂಟೆಗೆ ಹೊರಡುತ್ತದೆ, ಆದ್ದರಿಂದ ದೂರದ ಪಾಡಿಯವರಿಗೆ ಮೊದಲು ಜಾಗ ಬಿಡಿ.